ಕಾದವರು ಎದ್ದುಹೋದ ಮೇಲೆ: ಮೆಸೇಜ್ ಕ್ಯೂಗಳಲ್ಲಿ ಟೈಮ್‌ಔಟ್‌ನ ಪ್ರಶ್ನೆ

ಒಂದು ತಂತ್ರಾಂಶ ಇನ್ನೊಂದರಿಂದ ಸೇವೆ ಪಡೆಯುವ ರೂಢಿಯ ದಾರಿ ಎಚ್‌ಟಿಟಿಪಿ. ಅಲ್ಲಿ ಎರಡರ ನಡುವೆ ನೇರ ಸಂಪರ್ಕ ಇರುತ್ತದೆ. ಕೇಳಿದ ಕಡೆಯವರು ಕಾದು ಸಾಕಾಗಿ ಸಂಪರ್ಕ ಕಡಿದರೆ ಆ ಸುದ್ದಿ ಇನ್ನೊಂದು ತುದಿಗೆ ಮುಟ್ಟುವ ಸಾಧ್ಯತೆಯಾದರೂ ಇದೆ. ಬ್ಯಾಂಕು, ವಿಮೆ, ದೂರಸಂಪರ್ಕದಂಥ ದೊಡ್ಡ ವ್ಯವಸ್ಥೆಗಳಲ್ಲಿ ಇದೇ ಪ್ರಶ್ನೋತ್ತರ ಮೆಸೇಜ್ ಕ್ಯೂಗಳ ಮೂಲಕ ನಡೆಯುವುದುಂಟು. ಕ್ಲೈಂಟ್ ತನ್ನ ಕೋರಿಕೆಯನ್ನು ಒಂದು ಕ್ಯೂಗೆ ಹಾಕಿ, ಉತ್ತರ ಬರಬೇಕಾದ ಇನ್ನೊಂದು ಕ್ಯೂನ ಬಳಿ ಕಾಯುತ್ತದೆ. ಸರ್ವರ್ ತನಗೆ ಬಿಡುವಾದಾಗ ಕೋರಿಕೆಯನ್ನು ಎತ್ತಿಕೊಂಡು ಕೆಲಸ ಮುಗಿಸಿ, ಯಾವ ಕೋರಿಕೆಗೆ ಈ ಉತ್ತರ ಎಂಬ ಗುರುತನ್ನು ಹಚ್ಚಿ ಹಿಂದಕ್ಕೆ ಕಳಿಸುತ್ತದೆ. ಒಬ್ಬರು ಮಲಗಿದ್ದರೂ ಇನ್ನೊಬ್ಬರ ಕೆಲಸ ನಿಲ್ಲುವುದಿಲ್ಲ ಎಂಬುದು ಈ ಏರ್ಪಾಟಿನ ದೊಡ್ಡ ಲಾಭ. ತೊಡಕೂ ಅಲ್ಲೇ ಇದೆ: ಕೇಳಿದವರು ಇನ್ನೂ ಕಾಯುತ್ತಿದ್ದಾರೋ ಇಲ್ಲವೋ ಎಂದು ಸರ್ವರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಕ್ಲೈಂಟ್ ಎಷ್ಟು ಹೊತ್ತು ಕಾಯಬೇಕು, ಕ್ಯೂನಲ್ಲಿರುವ ಸಂದೇಶಕ್ಕೆ ಎಷ್ಟು ಆಯುಷ್ಯ, ಎತ್ತಿಕೊಂಡ ಸಂದೇಶವನ್ನು ಸರ್ವರ್ ಎಷ್ಟು ಹೊತ್ತು ತನ್ನ ಕೈಯಲ್ಲಿ ಇಟ್ಟುಕೊಳ್ಳಬಹುದು ಎಂಬ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಕಡೆ, ಅನೇಕ ಸಲ ಮೂರು ಬೇರೆ ತಂಡದವರು, ಮೂರು ಬೇರೆ ಸಂಖ್ಯೆಗಳನ್ನು ಬರೆಯುತ್ತಾರೆ. ಈ ಸಂಖ್ಯೆಗಳು ಒಂದೇ ಗಡುವಿನಿಂದ ಹುಟ್ಟಬೇಕು, ಆ ಗಡುವು ಕೇಳಿದವರದಾಗಿರಬೇಕು ಎಂಬುದು ಈ ಲೇಖನದ ವಾದ.

ಬಳಕೆಯಲ್ಲಿರುವ ಉಪಕರಣಗಳು ಏನೂ ಹೇಳದಿದ್ದಾಗ ಯಾವ ಸಂಖ್ಯೆಯನ್ನು ಹಿಡಿಯುತ್ತವೆ ಎಂದು ಮೊದಲು ನೋಡೋಣ. ಜಾವಾ ಲೋಕದ ಜೆಎಂಎಸ್ ಮಾನದಂಡದಲ್ಲಿ ಸಂದೇಶದ ಆಯುಷ್ಯವನ್ನು ಮಿಲಿಸೆಕೆಂಡುಗಳಲ್ಲಿ ಬರೆಯುತ್ತಾರೆ. ಏನೂ ಬರೆಯದಿದ್ದರೆ ಅದು ಸೊನ್ನೆ, ಸೊನ್ನೆ ಎಂದರೆ ಸಂದೇಶಕ್ಕೆ ಸಾವಿಲ್ಲ. ಐಬಿಎಂ ಎಂಕ್ಯೂನಲ್ಲೂ ಮೇಲಿನಿಂದ ಯಾರೂ ಮಿತಿ ಹಾಕದಿದ್ದರೆ ಆಯುಷ್ಯ ಅಪರಿಮಿತ. ಆದರೆ ಕಾಯುವ ಕಡೆ ಮಾತ್ರ ಮಿತಿಗಳಿವೆ: ಅಪಾಚೆ ಸಿಎಕ್ಸ್‌ಎಫ್‌ನ ಜೆಎಂಎಸ್ ಸಾಗಣೆ ಉತ್ತರಕ್ಕಾಗಿ 60 ಸೆಕೆಂಡು ಕಾಯುತ್ತದೆ, ಅಪಾಚೆ ಕ್ಯಾಮೆಲ್ 20 ಸೆಕೆಂಡು. ಮೈಕ್ರೋಸಾಫ್ಟ್‌ನ ಡಬ್ಲ್ಯುಸಿಎಫ್‌ನಲ್ಲಿ ಕರೆಯ ಮಿತಿ 1 ನಿಮಿಷವಾದರೆ, ಎಂಎಸ್‌ಎಂಕ್ಯೂ ಮೂಲಕ ಹೋಗುವ ಸಂದೇಶದ ಆಯುಷ್ಯ 1 ದಿನ. ಅಮೆಜಾನ್ ಎಸ್‌ಕ್ಯೂಎಸ್ ಸಂದೇಶವನ್ನು 4 ದಿನ ಇಟ್ಟುಕೊಳ್ಳುತ್ತದೆ. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿದರೆ ಎಲ್ಲವೂ ಸಮಂಜಸವೇ. ಎರಡನ್ನು ಸೇರಿಸಿ ಓದಿದಾಗ ಅಸಂಗತಿ ಕಣ್ಣಿಗೆ ಹೊಡೆಯುತ್ತದೆ: ಕೇಳಿದವರು ಒಂದು ನಿಮಿಷಕ್ಕೆ ಎದ್ದು ಹೋಗುತ್ತಾರೆ, ಅವರ ಕೋರಿಕೆ ಮಾತ್ರ ಎಂದೆಂದಿಗೂ ಸರದಿಯಲ್ಲಿ ನಿಂತಿರುತ್ತದೆ. ಗಿರಾಕಿ ಎದ್ದುಹೋದ ಮೇಜಿಗೆ ಒಳಗೆ ದೋಸೆ ಹುಯ್ಯುತ್ತಲೇ ಇದ್ದಂತೆ.

ಇದರಿಂದ ಆಗುವ ನಷ್ಟ ಎಷ್ಟೆಂದು ಒಂದು ಲೆಕ್ಕ ಹಾಕಬಹುದು. ಸೆಕೆಂಡಿಗೆ 20 ಕೋರಿಕೆಗಳು ಬರುತ್ತವೆ, ಸರ್ವರ್ ಸೆಕೆಂಡಿಗೆ 25ನ್ನು ಮುಗಿಸಬಲ್ಲದು, ಕ್ಲೈಂಟ್ 60 ಸೆಕೆಂಡು ಕಾಯುತ್ತದೆ, ಸಂದೇಶಕ್ಕೆ ಆಯುಷ್ಯದ ಮಿತಿ ಇಲ್ಲ ಎಂದುಕೊಳ್ಳಿ. ಸರ್ವರ್ 10 ನಿಮಿಷ ನಿಂತುಹೋದರೆ ಕ್ಯೂನಲ್ಲಿ 12,000 ಕೋರಿಕೆಗಳು ಕೂಡಿಬೀಳುತ್ತವೆ. ಸರ್ವರ್ ಎದ್ದು ಕೂತ ಕ್ಷಣದಲ್ಲಿ ಬರುವ ಹೊಸ ಕೋರಿಕೆಯ ಮುಂದೆ 8 ನಿಮಿಷಗಳ ಸರದಿ ಇದೆ. ಅದನ್ನು ಕಳಿಸಿದವರು ಒಂದು ನಿಮಿಷಕ್ಕೇ ಕೈಬಿಡುತ್ತಾರೆ. ಬರುವುದಕ್ಕಿಂತ ಹೆಚ್ಚಾಗಿ ಸರ್ವರ್ ತೆಗೆಯುವುದು ಸೆಕೆಂಡಿಗೆ 5 ಮಾತ್ರ. ಆದ್ದರಿಂದ ಸರದಿಯ ಕಾಯುವಿಕೆ 60 ಸೆಕೆಂಡಿನೊಳಗೆ ಇಳಿಯಲು, ಅಂದರೆ ಕ್ಯೂ 1,500ಕ್ಕೆ ಬರಲು, 35 ನಿಮಿಷ ಬೇಕು. ಆ 35 ನಿಮಿಷವೂ ಸರ್ವರ್ ಪೂರ್ತಿ ಬಲದಿಂದ ದುಡಿಯುತ್ತದೆ, ಯಂತ್ರದ ಆರೋಗ್ಯ ತೋರಿಸುವ ಪರದೆಯಲ್ಲಿ ಎಲ್ಲವೂ ಹಸಿರು. ಆದರೆ ಒಬ್ಬ ಬಳಕೆದಾರರಿಗೂ ಸಮಯಕ್ಕೆ ಉತ್ತರ ಸಿಗುವುದಿಲ್ಲ. ಈಗ ಅದೇ ಸಂದೇಶಗಳಿಗೆ 60 ಸೆಕೆಂಡಿನ ಆಯುಷ್ಯ ಕೊಟ್ಟು ನೋಡಿ. ಸರ್ವರ್ ಏಳುವಾಗ ಜೀವಂತ ಇರುವುದು ಕೊನೆಯ ನಿಮಿಷದ 1,200 ಕೋರಿಕೆಗಳು ಮಾತ್ರ. ಹೊಸದಾಗಿ ಬಂದ ಕೋರಿಕೆಯ ಸರದಿ 48 ಸೆಕೆಂಡಿಗೆ ಬರುತ್ತದೆ. ಕ್ಯೂನಲ್ಲಿ ಆಗಲೇ ನಿಂತಿದ್ದ ಜೀವಂತ ಕೋರಿಕೆಗಳ ಸರದಿಯೂ ಅವುಗಳ ಗಡುವಿನೊಳಗೇ ಬರುತ್ತದೆ. ಯಂತ್ರವೂ ಅದೇ, ಹೊರೆಯೂ ಅದೇ. ಬದಲಾದದ್ದು ಒಂದು ಸಂಖ್ಯೆ. ಇನ್ನು ಮೊದಲ ಸನ್ನಿವೇಶದಲ್ಲಿ ಟೈಮ್‌ಔಟ್ ಆದ ಪ್ರತಿಯೊಬ್ಬರೂ ಒಂದು ಸಲ ಮರುಪ್ರಯತ್ನ ಮಾಡಿದರೆ ಬರುವ ಹೊರೆ ಸೆಕೆಂಡಿಗೆ 40 ಆಗುತ್ತದೆ. 25ರ ಸಾಮರ್ಥ್ಯದ ಸರ್ವರ್ ಆ ಸರದಿಯನ್ನು ಯಾವತ್ತೂ ಕರಗಿಸಲಾರದು.

ಹಾಗಾದರೆ ಕಾಯುವ ಕಾಲವನ್ನೇ ಹಿಗ್ಗಿಸಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಟೈಮ್‌ಔಟ್ ದೋಷ ಬಂತೆಂದರೆ ಸಂಖ್ಯೆಯ ಮುಂದೆ ಇನ್ನೊಂದು ಸೊನ್ನೆ ಸೇರಿಸುವುದೇ ಬಹಳ ಕಡೆ ಮೊದಲ ಚಿಕಿತ್ಸೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಇದಕ್ಕೆ ಉತ್ತರ ಕೊಡುತ್ತದೆ: ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂಬುದು, ಬರುವ ವೇಗವನ್ನು ಉಳಿಯುವ ಕಾಲದಿಂದ ಗುಣಿಸಿದಷ್ಟು. ಸೆಕೆಂಡಿಗೆ 20 ಕೋರಿಕೆಗಳಿದ್ದು ಪ್ರತಿಯೊಂದೂ 60 ಸೆಕೆಂಡು ಕಾದರೆ ಕ್ಲೈಂಟ್ ಕಡೆ 1,200 ಕರೆಗಳು ತೆರೆದಿರುತ್ತವೆ; 600 ಸೆಕೆಂಡು ಕಾದರೆ 12,000. ಪ್ರತಿಯೊಂದು ಕರೆಗೂ ಒಂದು ಥ್ರೆಡ್, ಒಂದಿಷ್ಟು ನೆನಪಿನ ಜಾಗ, ಬಹುಶಃ ಡೇಟಾಬೇಸಿನ ಒಂದು ಸಂಪರ್ಕ ಬೇಕು. ಹಿಂದಿನ ಸೇವೆ ನಿಧಾನವಾದದ್ದಕ್ಕೆ ಮುಂದಿನ ಸೇವೆಯೂ ಉಸಿರುಗಟ್ಟುವುದು ಹೀಗೆ. ಅದಕ್ಕಿಂತ ಸರಳವಾದ ಇನ್ನೊಂದು ಕಾರಣವೂ ಇದೆ. ಬಳಕೆದಾರರ ಮುಂದೆ ಸಾಮಾನ್ಯವಾಗಿ ಒಂದು ವೆಬ್ ಸರ್ವರ್ ಇರುತ್ತದೆ, ಅದಕ್ಕೂ ತನ್ನದೇ ಮಿತಿ ಇರುತ್ತದೆ; ಎನ್‌ಜಿನ್‌ಎಕ್ಸ್ ಹಿಂದಿನ ಸೇವೆಯಿಂದ 60 ಸೆಕೆಂಡು ಏನೂ ಬರದಿದ್ದರೆ ತಾನಾಗಿ ಕೈಬಿಡುತ್ತದೆ. ಹೊರಗಿನ ಬಾಗಿಲು 60ಕ್ಕೆ ಮುಚ್ಚುವಾಗ ಒಳಗಿನ ಕ್ಲೈಂಟ್ 600 ಸೆಕೆಂಡು ಕಾಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ಸಂಖ್ಯೆಗಳನ್ನು ಹೊರಗಿನಿಂದ ಒಳಕ್ಕೆ ಬರೆಯಬೇಕು. ಬಳಕೆದಾರರು ಎಷ್ಟು ಹೊತ್ತು ಕಾಯಬಲ್ಲರು ಎಂಬಲ್ಲಿಂದ ಶುರುಮಾಡಿ, ದಾರಿಯ ಪ್ರತಿ ಹಂತದ ಖರ್ಚನ್ನು ಕಳೆಯುತ್ತಾ ಹೋದರೆ ಕ್ಯೂಗೆ ಎಷ್ಟು ಉಳಿಯುತ್ತದೋ ಅದೇ ಸಂದೇಶದ ಆಯುಷ್ಯ.

ಇದರರ್ಥ ಟೈಮ್‌ಔಟ್ ಚಿಕ್ಕದಾದಷ್ಟೂ ಒಳ್ಳೆಯದು ಎಂದಲ್ಲ. ಜೆಫ್ರಿ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ತೋರಿಸಿದ ಲೆಕ್ಕ ಪ್ರಸಿದ್ಧವಾಗಿದೆ: ಒಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ 1 ಸೆಕೆಂಡು ಮೀರಿ ತಡಮಾಡಿದರೂ, ಒಂದು ಕೋರಿಕೆ ಅಂಥ 100 ಸರ್ವರ್‌ಗಳ ಉತ್ತರವನ್ನು ಕೂಡಿಸಬೇಕಾದಾಗ ಶೇಕಡ 63 ಕೋರಿಕೆಗಳು 1 ಸೆಕೆಂಡು ಮೀರುತ್ತವೆ. ಸರಾಸರಿಯನ್ನು ನೋಡಿ ಮಿತಿ ಹಾಕಿದರೆ ಆರೋಗ್ಯವಾಗಿರುವ ಕರೆಗಳನ್ನೇ ಕೊಂದಂತಾಗುತ್ತದೆ. ಈ ಪಾಠವನ್ನು ಜಾಲದ ಎಂಜಿನಿಯರುಗಳು ಬಹಳ ಹಿಂದೆಯೇ ಕಲಿತಿದ್ದಾರೆ. ವ್ಯಾನ್ ಜೇಕಬ್ಸನ್ 1988ರಲ್ಲಿ ಟಿಸಿಪಿಗೆ ಕೊಟ್ಟ ಸುಧಾರಣೆಯಲ್ಲಿ ಉತ್ತರ ಬಾರದಾಗ ಮತ್ತೆ ಕಳಿಸುವ ಗಡುವನ್ನು ಸರಾಸರಿಯ ಜೊತೆಗೆ ಅದರ ಏರುಪೇರಿನಿಂದಲೂ ಲೆಕ್ಕ ಹಾಕಬೇಕೆಂಬುದು ಒಂದು ಮುಖ್ಯ ಅಂಶ. 2011ರ ಆರ್‌ಎಫ್‌ಸಿ 6298ರಲ್ಲಿ ಇರುವ ಸೂತ್ರ, ಸರಾಸರಿಗೆ ಏರುಪೇರಿನ ನಾಲ್ಕು ಪಟ್ಟನ್ನು ಸೇರಿಸುವುದು. ಕ್ಯೂಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಸರದಿಯಲ್ಲಿ ನಿಂತ ಹೊತ್ತು ಬೇರೆ, ಕೆಲಸಕ್ಕೆ ಹಿಡಿದ ಹೊತ್ತು ಬೇರೆ. ಮೊದಲನೆಯದು ಹೊರೆಯೊಂದಿಗೆ ಹಠಾತ್ತನೆ ಏರುತ್ತದೆ, ಎರಡನೆಯದು ಹೆಚ್ಚುಕಡಿಮೆ ಸ್ಥಿರ. ಎರಡನ್ನೂ ಬೇರೆಬೇರೆಯಾಗಿ ಅಳೆಯದೆ, ಖಾಲಿ ಕ್ಯೂ ಇರುವ ಪರೀಕ್ಷಾ ವ್ಯವಸ್ಥೆಯಲ್ಲಿ ಸಿಕ್ಕ ಸಂಖ್ಯೆಯನ್ನು ತಂದು ನಿಜವಾದ ವ್ಯವಸ್ಥೆಗೆ ಹಾಕುವುದು ಊಹೆಯೇ ಹೊರತು ಅಳತೆಯಲ್ಲ.

ಗಡುವನ್ನು ಸಂದೇಶದ ಜೊತೆ ಕಳಿಸಬೇಕೆಂಬ ವಾದಕ್ಕೆ ಅತ್ಯಂತ ಗಂಭೀರವಾದ ತಾಂತ್ರಿಕ ಆಕ್ಷೇಪ ಗಡಿಯಾರಗಳದು. ಜೆಎಂಎಸ್ ಸಂದೇಶದ ಮೇಲೆ ಬರೆಯುವುದು ಉಳಿದ ಆಯುಷ್ಯವನ್ನಲ್ಲ, ಸಾಯುವ ಕ್ಷಣವನ್ನು: ಕಳಿಸಿದ ಹೊತ್ತಿಗೆ ಆಯುಷ್ಯವನ್ನು ಕೂಡಿಸಿದಾಗ ಬರುವ ಸಮಯ. ಓದುವ ಯಂತ್ರದ ಗಡಿಯಾರ 20 ಸೆಕೆಂಡು ಮುಂದಿದ್ದರೆ, 20 ಸೆಕೆಂಡಿನ ಆಯುಷ್ಯದ ಸಂದೇಶ ಹುಟ್ಟುವಾಗಲೇ ಸತ್ತಿರುತ್ತದೆ. ಕ್ಯಾಮೆಲ್‌ನ ದಸ್ತಾವೇಜು ಇದನ್ನು ಮುಚ್ಚಿಟ್ಟಿಲ್ಲ. ಪ್ರಶ್ನೋತ್ತರ ಕರೆಗಳಲ್ಲಿ ಕಾಯುವ ಕಾಲವನ್ನೇ ಸಂದೇಶದ ಆಯುಷ್ಯವಾಗಿ ಹಾಕುವುದು ಅದರ ರೂಢಿ. ಎರಡು ಯಂತ್ರಗಳ ಗಡಿಯಾರ ಹೊಂದದಿದ್ದರೆ ಆ ರೂಢಿಯನ್ನು ನಿಲ್ಲಿಸುವ ಸೆಟ್ಟಿಂಗನ್ನೂ ಅದು ಕೊಟ್ಟಿದೆ. ಆದರೆ ಈ ಆಕ್ಷೇಪ ಗಡುವಿನ ವಿರುದ್ಧವಲ್ಲ, ಗಡುವನ್ನು ಬರೆಯುವ ಒಂದು ವಿಧಾನದ ವಿರುದ್ಧ. ಐಬಿಎಂ ಎಂಕ್ಯೂ ತನ್ನ ಸಂದೇಶದಲ್ಲಿ ಉಳಿದಿರುವ ಕಾಲವನ್ನು ಬರೆದು, ಸಂದೇಶ ಕ್ಯೂಗಳಲ್ಲಿ ಕಳೆದ ಹೊತ್ತನ್ನು ಅದರಿಂದ ಕಳೆಯುತ್ತಾ ಬರುತ್ತದೆ. ಜಿಆರ್‌ಪಿಸಿ ಕೂಡ ಜಾಲದ ಮೇಲೆ ಕಳಿಸುವುದು ಉಳಿದ ಅವಧಿಯನ್ನೇ. ಇಬ್ಬರ ಗಡಿಯಾರ ಒಂದೇ ಸಮಯ ತೋರಿಸಬೇಕಾಗಿಲ್ಲ, ಒಂದೇ ವೇಗದಲ್ಲಿ ನಡೆದರೆ ಸಾಕು. ಗಡಿಯಾರಕ್ಕಿಂತ ಹೆಚ್ಚು ಕಾಡುವುದು ಅಳತೆಯ ಘಟಕ ಎಂದು ನನ್ನ ಅನಿಸಿಕೆ. ಎಂಕ್ಯೂನಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗ, ಜೆಎಂಎಸ್ ಮತ್ತು ರ‍್ಯಾಬಿಟ್‌ಎಂಕ್ಯೂಗಳಲ್ಲಿ ಮಿಲಿಸೆಕೆಂಡು, ಎಸ್‌ಕ್ಯೂಎಸ್‌ನಲ್ಲಿ ಸೆಕೆಂಡು. 600 ಎಂದು ಬರೆದರೆ ಮೊದಲನೆಯದಕ್ಕೆ ಒಂದು ನಿಮಿಷ, ಎರಡನೆಯದಕ್ಕೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಕೊನೆಯದಕ್ಕೆ ಹತ್ತು ನಿಮಿಷ.

ಆಯುಷ್ಯ ಮುಗಿದ ಸಂದೇಶ ಆ ಕ್ಷಣವೇ ಮಾಯವಾಗುತ್ತದೆ ಎಂದು ತಿಳಿಯುವುದೂ ತಪ್ಪು. ಐಬಿಎಂ ಎಂಕ್ಯೂ ಅವಧಿ ಮುಗಿದ ಸಂದೇಶವನ್ನು ಸಾಮಾನ್ಯವಾಗಿ ಎಸೆಯುವುದು ಯಾರಾದರೂ ಅದನ್ನು ಓದಲು ಬಂದಾಗ. ರ‍್ಯಾಬಿಟ್‌ಎಂಕ್ಯೂನಲ್ಲಿ ಪ್ರತಿ ಸಂದೇಶಕ್ಕೆ ಬೇರೆ ಆಯುಷ್ಯ ಕೊಟ್ಟಾಗ, ಸತ್ತ ಸಂದೇಶ ಸರದಿಯ ತಲೆಗೆ ಬರುವವರೆಗೂ ಅಲ್ಲೇ ಜಾಗ ಹಿಡಿದು ಕೂತಿರಬಹುದು. ಅವಧಿ ಮೀರಿದ ಸಂದೇಶವನ್ನು ಓದುಗರಿಗೆ ಕೊಡಬಾರದು ಎನ್ನುವ ಜೆಎಂಎಸ್ ಮಾನದಂಡ, ಕೊಡುವುದೇ ಇಲ್ಲ ಎಂಬ ಖಾತ್ರಿಯನ್ನು ಮಾತ್ರ ನೀಡುವುದಿಲ್ಲ. ಇದಕ್ಕೆ ಮುಂಗಡ ಹಂಚಿಕೆಯೂ ಸೇರುತ್ತದೆ. ಆಕ್ಟಿವ್‌ಎಂಕ್ಯೂ ಒಬ್ಬ ಓದುಗರಿಗೆ ರೂಢಿಯಂತೆ 1,000 ಸಂದೇಶಗಳವರೆಗೆ ಮೊದಲೇ ಕೊಟ್ಟುಬಿಡುತ್ತದೆ; ಸೆಕೆಂಡಿಗೆ 25 ಮುಗಿಸುವ ಸರ್ವರ್‌ನಲ್ಲಿ ಅದು 40 ಸೆಕೆಂಡಿನ ಸರದಿ, ಪಕ್ಕದ ಸರ್ವರ್ ಕೈಕಟ್ಟಿ ಕೂತಿದ್ದರೂ ಸರಿ. ಆದ್ದರಿಂದ ಗಡುವು ಚಿಕ್ಕದಿರುವಲ್ಲಿ ಮುಂಗಡ ಹಂಚಿಕೆಯೂ ಚಿಕ್ಕದಿರಬೇಕು. ಕೆಲಸ ಶುರುಮಾಡುವ ಮುನ್ನ ಉಳಿದ ಕಾಲ ಎಷ್ಟೆಂದು ಸರ್ವರ್ ತಾನೇ ಇನ್ನೊಮ್ಮೆ ನೋಡಬೇಕು. ಉತ್ತರ ಸಂದೇಶಕ್ಕೂ ಇದೇ ಮಾತು. ಕೋರಿಕೆಯಲ್ಲಿ ಉಳಿದ ಆಯುಷ್ಯವನ್ನೇ ಉತ್ತರಕ್ಕೆ ದಾಟಿಸುವ ಆಯ್ಕೆ ಎಂಕ್ಯೂನಲ್ಲಿದೆ. ಅದನ್ನು ಬಳಸದಿದ್ದರೆ ಯಾರೂ ಎತ್ತಿಕೊಳ್ಳದ ಉತ್ತರಗಳು ಕ್ಯೂನಲ್ಲಿ ರಾಶಿ ಬೀಳುತ್ತವೆ.

ಮೊದಲು ಹೇಳಿದ ಮೂರನೆಯ ಪ್ರಶ್ನೆ, ಅಂದರೆ ಎತ್ತಿಕೊಂಡ ಸಂದೇಶವನ್ನು ಎಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಳ್ಳಬಹುದು ಎಂಬುದರ ದಿಕ್ಕು ಇದಕ್ಕೆ ತದ್ವಿರುದ್ಧ. ಎಸ್‌ಕ್ಯೂಎಸ್‌ನಲ್ಲಿ ಒಬ್ಬ ಕೆಲಸಗಾರ ಸಂದೇಶ ಎತ್ತಿಕೊಂಡರೆ ಅದು ಉಳಿದವರಿಗೆ 30 ಸೆಕೆಂಡು ಕಾಣುವುದಿಲ್ಲ. ಈ ಅವಧಿಯನ್ನು 12 ಗಂಟೆಗಳವರೆಗೆ ಏರಿಸಬಹುದು. ಕೆಲಸಕ್ಕೆ 40 ಸೆಕೆಂಡು ಬೇಕಿದ್ದು ಅವಧಿ 30ರಲ್ಲೇ ಉಳಿದಿದ್ದರೆ, ಮೊದಲನೆಯವನು ಮುಗಿಸುವ ಮುನ್ನವೇ ಅದೇ ಕೆಲಸವನ್ನು ಎರಡನೆಯವನು ಶುರುಮಾಡಿರುತ್ತಾನೆ. ಅದಕ್ಕೇ ಫಂಕ್ಷನ್‌ಗಳನ್ನು ಓಡಿಸುವ ತನ್ನ ಲ್ಯಾಂಬ್ಡಾ ಸೇವೆಯ ಜೊತೆ ಬಳಸುವಾಗ ಈ ಅವಧಿ ಫಂಕ್ಷನ್ ಟೈಮ್‌ಔಟ್‌ನ ಕನಿಷ್ಠ ಆರು ಪಟ್ಟು ಇರಲಿ ಎಂದು ಅಮೆಜಾನ್ ಸಲಹೆ ಕೊಡುತ್ತದೆ. ಕಾಯುವ ಕಾಲಕ್ಕಿಂತ ಸಂದೇಶದ ಆಯುಷ್ಯ ಹೆಚ್ಚಿರಬಾರದು, ಆದರೆ ಕೆಲಸದ ಕಾಲಕ್ಕಿಂತ ಹಿಡಿತದ ಕಾಲ ಹೆಚ್ಚೇ ಇರಬೇಕು. ಎಲ್ಲಕ್ಕೂ ಟೈಮ್‌ಔಟ್ ಎಂಬ ಒಂದೇ ಹೆಸರು ಇರುವುದರಿಂದ, ಒಂದನ್ನು ಇಳಿಸುವಾಗ ಇನ್ನೊಂದನ್ನೂ ಇಳಿಸಿಬಿಡುವ ಅಪಾಯ ಇದ್ದೇ ಇದೆ.

ಈಗ ಎಲ್ಲಕ್ಕಿಂತ ತೂಕದ ಆಕ್ಷೇಪಕ್ಕೆ ಬರೋಣ. ಸಂದೇಶ ಕಳೆದುಹೋಗಬಾರದು ಎಂದೇ ತಾನೆ ಕ್ಯೂ ಇಟ್ಟದ್ದು? ಅದಕ್ಕೆ ಆಯುಷ್ಯ ಕಟ್ಟಿ ನಾವೇ ಅಳಿಸಿದರೆ ಕ್ಯೂನ ಭರವಸೆಯನ್ನೇ ಮುರಿದಂತಾಗಲಿಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಉತ್ತರ ಕೋರಿಕೆಯ ಸ್ವಭಾವದಲ್ಲಿದೆ. ಖಾತೆಯಲ್ಲಿ ಎಷ್ಟು ಹಣವಿದೆ ಎಂಬ ವಿಚಾರಣೆಗೆ, ಕೇಳಿದವರು ಹೊರಟುಹೋದ ಮೇಲೆ ಬೆಲೆ ಇಲ್ಲ. ಅದನ್ನು ಉಳಿಸಿಕೊಳ್ಳುವುದರಿಂದ ಇತರರ ಸಮಯ ಹಾಳು. ಹಣ ವರ್ಗಾಯಿಸಿ ಎಂಬ ಆದೇಶ ಹಾಗಲ್ಲ, ಅದು ಅಳಿಯಬಾರದು. ಆದರೆ ಅಳಿಯಬಾರದ ಆದೇಶವನ್ನು 60 ಸೆಕೆಂಡು ಕಾಯುವ ಪ್ರಶ್ನೋತ್ತರದ ಅಚ್ಚಿನಲ್ಲಿ ಹಾಕಿದ್ದೇ ಮೂಲ ತಪ್ಪು. ಅಂಥದ್ದಕ್ಕೆ ತಕ್ಕ ರೂಪ, ಆದೇಶ ತಲುಪಿದೆ ಎಂಬ ರಸೀದಿಯನ್ನು ಕೂಡಲೇ ಕೊಟ್ಟು ಫಲಿತಾಂಶವನ್ನು ಆಮೇಲೆ ತಿಳಿಸುವುದು. ಡಬ್ಲ್ಯುಸಿಎಫ್ ರೂಪಿಸಿದವರು ಎಂಎಸ್‌ಎಂಕ್ಯೂ ಬೈಂಡಿಂಗ್‌ನಲ್ಲಿ ಏಕಮುಖ ಕರೆಗಳನ್ನು ಮಾತ್ರ ಬಿಟ್ಟು, ಉತ್ತರಕ್ಕೆ ಕಾಯುವ ಕರೆಗಳಿಗೆ ಅವಕಾಶವನ್ನೇ ಕೊಡಲಿಲ್ಲ. ಆಗ ಅನೇಕರಿಗೆ ಇದು ಕಿರಿಕಿರಿಯಾದರೂ ತೀರ್ಮಾನ ಸರಿಯಾಗಿತ್ತು ಎಂದೇ ನಾನು ಭಾವಿಸುತ್ತೇನೆ. ಜೊತೆಗೆ, ಅವಧಿ ಮುಗಿದ ಸಂದೇಶ ಸದ್ದಿಲ್ಲದೆ ಅಳಿಯಬೇಕೆಂದೂ ಇಲ್ಲ. ರ‍್ಯಾಬಿಟ್‌ಎಂಕ್ಯೂನಲ್ಲಿ ಅದನ್ನು ತಲುಪದ ಸಂದೇಶಗಳಿಗೆಂದೇ ಇರುವ ಡೆಡ್ ಲೆಟರ್ ದಾರಿಗೆ ಹಾಕಬಹುದು, ಎಂಕ್ಯೂನಲ್ಲಿ ಅವಧಿ ಮುಗಿದ ವರದಿಯನ್ನು ಕಳಿಸಿದವರಿಗೇ ತರಿಸಬಹುದು. ಆ ವರದಿಯನ್ನು ಓದುವವರು ಇರಬೇಕು, ಅಷ್ಟೆ. ಓದದ ಡೆಡ್ ಲೆಟರ್ ಕ್ಯೂ ಡಿಸ್ಕ್ ತುಂಬಿಸುವ ಇನ್ನೊಂದು ಕ್ಯೂ ಮಾತ್ರ.

ಟೈಮ್‌ಔಟ್ ಆಯಿತೆಂದರೆ ಕೆಲಸ ಆಗಲಿಲ್ಲ ಎಂದಲ್ಲ, ಆಯಿತೋ ಇಲ್ಲವೋ ತಿಳಿಯಲಿಲ್ಲ ಎಂದು. ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ 1985ರಲ್ಲಿ ಕೊಟ್ಟ ಪ್ರಮೇಯದ ಹಿಂದೆ ಇರುವುದೂ ಇದೇ ಕಷ್ಟ: ಸಂದೇಶಗಳ ವಿಳಂಬಕ್ಕೆ ಮಿತಿ ಇಲ್ಲದಿದ್ದರೆ ಸತ್ತ ಯಂತ್ರ ಯಾವುದು, ನಿಧಾನವಾದ ಯಂತ್ರ ಯಾವುದು ಎಂದು ದೂರದಿಂದ ಹೇಳಲಾಗದು. ಎಷ್ಟೇ ಜಾಣತನದಿಂದ ಸಂಖ್ಯೆ ಆರಿಸಿದರೂ ಈ ಅಜ್ಞಾನ ಉಳಿಯುತ್ತದೆ. ಬೆಂಗಳೂರಿನ ಅಂಗಡಿಯಿಂದ ಬೀದರಿನ ಸಂತೆಯವರೆಗೆ ಯುಪಿಐ ಬಳಸುವ ಪ್ರತಿಯೊಬ್ಬರೂ ಈ ಸ್ಥಿತಿಯನ್ನು ಬಲ್ಲರು: ಖಾತೆಯಿಂದ ಹಣ ಹೋಗಿದೆ, ಎದುರಿನವರಿಗೆ ಬಂದ ಸುದ್ದಿ ಇಲ್ಲ. 2016ರಲ್ಲಿ ಶುರುವಾದ ಯುಪಿಐನ ರಚನೆಯಲ್ಲಿ ಕೋರಿಕೆಗೆ ಮೊದಲು ಬರುವುದು ಸ್ವೀಕೃತಿ ಮಾತ್ರ. ನಿಜವಾದ ಉತ್ತರ ಅದೇ ವ್ಯವಹಾರದ ಗುರುತು ಹೊತ್ತು ಬೇರೆ ಸಂದೇಶವಾಗಿ ಬರುತ್ತದೆ. ಆ ಉತ್ತರ ಬಾರದೆ ಹೋದಾಗ ಏನು ಮಾಡಬೇಕೆಂಬುದನ್ನು ಯಂತ್ರದ ಸೆಟ್ಟಿಂಗ್‌ಗೆ ಬಿಟ್ಟಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಕಟ್ಟಿದೆ: ವ್ಯಕ್ತಿಗೆ ಕಳಿಸಿದ ಹಣ ಮುಟ್ಟದಿದ್ದರೆ ವ್ಯವಹಾರದ ಮರುದಿನದೊಳಗೆ, ಅಂಗಡಿಗೆ ಕೊಟ್ಟ ಹಣದ ಖಾತ್ರಿ ಬರದಿದ್ದರೆ 5 ದಿನದೊಳಗೆ ತಾನಾಗಿ ಹಿಂದಿರುಗಬೇಕು; ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸೆಕೆಂಡುಗಳ ಗಡುವಿನ ಹಿಂದೆ ದಿನಗಳ ಗಡುವೊಂದು ಇರಬೇಕು, ಅಲ್ಲಿ ಎರಡು ಕಡೆಯ ಲೆಕ್ಕವನ್ನು ತಾಳೆ ನೋಡುವ ಕೆಲಸ ಇರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಮರುಪ್ರಯತ್ನದ ನಿಯಮವೂ ಇದರಿಂದಲೇ ಹೊರಡುತ್ತದೆ. ಹಿಂದಿನ ಯತ್ನ ಫಲಿಸಿರಬಹುದಾದ್ದರಿಂದ ಎರಡನೆಯ ಯತ್ನ ಮೊದಲನೆಯದರ ಗುರುತನ್ನೇ ಹೊತ್ತು ಹೋಗಬೇಕು, ಸರ್ವರ್ ಆ ಗುರುತನ್ನು ನೋಡಿ ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮಾಡದೆ ಹಳೆಯ ಉತ್ತರವನ್ನೇ ಕೊಡಬೇಕು. ಜೆಎಂಎಸ್ ಪ್ರತಿ ಸಲ ಕಳಿಸುವಾಗಲೂ ಸಂದೇಶಕ್ಕೆ ಹೊಸ ಗುರುತು ಹಚ್ಚುವುದರಿಂದ ಅದನ್ನು ನಂಬುವಂತಿಲ್ಲ. ಗುರುತು ವ್ಯವಹಾರದ್ದೇ ಆಗಿರಬೇಕು. ಮೊದಲ ಯತ್ನದ ಸಂದೇಶ ಇನ್ನೂ ಕ್ಯೂನಲ್ಲಿ ಜೀವಂತ ಇರುವಾಗ ಎರಡನೆಯದನ್ನು ಕಳಿಸುವುದೂ ಹೊರೆಯನ್ನು ದುಪ್ಪಟ್ಟು ಮಾಡುವ ದಾರಿಯೇ. ಸಂದೇಶದ ಆಯುಷ್ಯ ಕಾಯುವ ಕಾಲದೊಳಗಿದ್ದರೆ ಈ ಸಮಸ್ಯೆ ಬಹುಮಟ್ಟಿಗೆ ಹುಟ್ಟುವುದೇ ಇಲ್ಲ.

ಇಷ್ಟೆಲ್ಲ ಹೊಂದಿಸಲು ಹತ್ತು ತಂಡಗಳು ಒಪ್ಪಬೇಕು, ಹಳೆಯ ವ್ಯವಸ್ಥೆಗಳಲ್ಲಿ ಇದು ಆಗದ ಮಾತು ಎಂಬ ಕೊನೆಯ ಆಕ್ಷೇಪವನ್ನು ಅರ್ಧ ಒಪ್ಪಬಹುದು. ಎಲ್ಲ ಹಂತಗಳಲ್ಲೂ ಉಳಿದ ಕಾಲವನ್ನು ದಾಟಿಸುವುದು ನಿಜಕ್ಕೂ ದೊಡ್ಡ ಕೆಲಸ. ಆದರೆ ಒಂದು ಕ್ಯೂನ ಎರಡು ತುದಿಗಳಲ್ಲಿ ಸಂಖ್ಯೆ ಹೊಂದಿಸಲು ಯಾರ ಒಪ್ಪಿಗೆಯೂ ಬೇಕಿಲ್ಲ. ಕಳಿಸುವ ಕ್ಲೈಂಟ್‌ನ ಒಂದು ಸಾಲು ಸಾಕು. ಡಬ್ಲ್ಯು3ಸಿ 2012ರ ಫೆಬ್ರವರಿಯಲ್ಲಿ ಅಂಗೀಕರಿಸಿದ ಜೆಎಂಎಸ್ ಮೇಲಿನ ಸೋಪ್ ಮಾನದಂಡದಲ್ಲಿ ಆಯುಷ್ಯವನ್ನು ಸೇವೆಯ ವಿಳಾಸದಲ್ಲೇ ಬರೆಯುವ ಅವಕಾಶ ಇದೆ. ಅದರಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ: ವಿಳಾಸವನ್ನು ಪ್ರಕಟಿಸುವವರು ಸೇವೆ ಕೊಡುವವರು, ಕಾಯುವವರು ಬೇರೆ. ಕೊಡುವವರು ಬರೆದ ಸಂಖ್ಯೆಯನ್ನು ಕ್ಲೈಂಟ್ ತನ್ನ ಗಡುವಿಗೆ ತಕ್ಕಂತೆ ಬದಲಿಸಿಕೊಳ್ಳಲೇಬೇಕು, ವಿಳಾಸದಲ್ಲಿದೆ ಎಂದು ಹಾಗೇ ಒಪ್ಪಿಕೊಳ್ಳಬಾರದು.

ಇನ್ನು ರೂಢಿಯ ಸೊನ್ನೆಯ ವಿಷಯ. ಜೆಎಂಎಸ್‌ನ ಮುಂದುವರಿಕೆಯಾದ 2022ರ ಜಕಾರ್ತಾ ಮೆಸೇಜಿಂಗ್ 3.1ರಲ್ಲೂ ಆಯುಷ್ಯ ಹೇಳದ ಸಂದೇಶಕ್ಕೆ ಸಾವಿಲ್ಲ. ಏಕಮುಖ ಸಂದೇಶಗಳಿಗೆ ಅದು ಸರಿಯಾದ ಆಯ್ಕೆ, ಉತ್ತರಕ್ಕೆ ಕಾಯುವ ಕರೆಗಳಿಗೆ ತಪ್ಪು ಆಯ್ಕೆ. ಉತ್ತರದ ಕ್ಯೂ ಹೆಸರಿಸಿ ಆಯುಷ್ಯ ಹೇಳದ ಕೋರಿಕೆಯನ್ನು ಕ್ಲೈಂಟ್ ಲೈಬ್ರರಿಗಳು ಕಳಿಸಲು ನಿರಾಕರಿಸಬೇಕು, ಅಥವಾ ಕ್ಯಾಮೆಲ್ ಮಾಡುವಂತೆ ಕಾಯುವ ಕಾಲವನ್ನೇ ಆಯುಷ್ಯವಾಗಿ ಹಾಕಬೇಕು. ಲೈಬ್ರರಿಗಳು ಬದಲಾಗುವವರೆಗೆ, ಕ್ಯೂಗಳ ಉಸ್ತುವಾರಿ ಹೊತ್ತವರು ತಮ್ಮ ಪ್ರಶ್ನೋತ್ತರ ಕ್ಯೂಗಳ ಮೇಲೆ ಒಂದು ಮೇಲ್ಮಿತಿ ಹಾಕಿಡಲಿ. ರ‍್ಯಾಬಿಟ್‌ಎಂಕ್ಯೂ, ಎಂಕ್ಯೂ, ಆಕ್ಟಿವ್‌ಎಂಕ್ಯೂ ಮೂರರಲ್ಲೂ ಅದಕ್ಕೆ ಬೇಕಾದ ಸೆಟ್ಟಿಂಗ್ ಈಗಾಗಲೇ ಇದೆ.